ಅಪ್‌ಡೇಟ್: ಮಕ್ಕಳ ಫಿಸಿಯೋಥೆರಪಿ ಕಲಿಕೆ ಎಲ್ಲಿಗೆ ಬಂತು

ಪದವಿ ಮುಗಿದ ಕೂಡಲೇ ಮಕ್ಕಳ ವಿಭಾಗಕ್ಕೆ ಸೇರಬಹುದೇ, ಇಲ್ಲವೇ ಕೆಲಕಾಲ ವಯಸ್ಕ ರೋಗಿಗಳೊಂದಿಗೆ ಕೆಲಸ ಮಾಡಬೇಕೇ ಎಂದು ಹಿಂದೆ ಕೇಳಿದ್ದೆ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಮೊದಲು ಆರೋಗ್ಯವಂತ ಶಿಶುಗಳ ಬೆಳವಣಿಗೆಯನ್ನು ಕಣ್ಣಾರೆ ನೋಡಿ ಎಂದು ಹಲವರು ಹೇಳಿದ್ದರು. ನಾನು ನೇರವಾಗಿ ಮಕ್ಕಳ ವಿಭಾಗಕ್ಕೇ ಸೇರಿ, ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಕಲಿಯುತ್ತಿದ್ದೇನೆ.

ಆ ಸಲಹೆಯ ಬೆಲೆ ತಿಳಿದದ್ದು ಆಲ್ಬರ್ಟಾ ಶಿಶು ಚಲನಾ ಮಾಪಕವನ್ನು ಬಳಸತೊಡಗಿದಾಗ. ಹುಟ್ಟಿನಿಂದ ನಡೆಯಲು ಕಲಿಯುವವರೆಗಿನ ಚಲನೆಗಳನ್ನು 58 ಅಂಶಗಳಲ್ಲಿ ಅಳೆಯುವ ಈ ಮಾಪಕದಲ್ಲಿ ಮಗುವನ್ನು ಆದಷ್ಟು ಮುಟ್ಟದೆ, ಅದು ತಾನಾಗಿ ಮಾಡುವುದನ್ನಷ್ಟೇ ಗಮನಿಸಬೇಕು. ಸಹಜವಾದ ಹೊರಳುವಿಕೆ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಇದು ಸಾಧ್ಯವೇ ಇಲ್ಲ.

ಸೆರೆಬ್ರಲ್ ಪಾಲ್ಸಿ (ಬೆಳೆಯುವ ಮೆದುಳಿಗಾದ ಹಾನಿಯಿಂದ ಚಲನೆಗೆ ತೊಂದರೆಯಾಗುವ ಸ್ಥಿತಿ) ಇರುವ ಮಕ್ಕಳ ಚಲನಾ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುವ, 1997ರಲ್ಲಿ ಪ್ರಕಟವಾದ ವರ್ಗೀಕರಣವನ್ನೂ ಕಲಿತೆ. ಆದರೆ ಚಿಕಿತ್ಸೆ ನಡೆಯುವುದು ಆಟದಲ್ಲಿ. ಬೆಂಚು ಹಿಡಿದು ನಿಂತ ಮಗುವಿನ ದುರ್ಬಲ ಕಾಲಿನ ಕಡೆಗೆ ಗಿಲಕಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿದರೆ, ಅದನ್ನು ಹಿಡಿಯಲು ಕೈಚಾಚುವಾಗ ದೇಹದ ಭಾರ ತಾನಾಗಿ ಆ ಕಾಲಿಗೆ ಬರುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿತೇ ಎಂಬುದರ ಮೇಲೆ ಮಾತ್ರ ನಮ್ಮ ಕಣ್ಣಿರಬೇಕು. (ಅಳುವ ಮಗುವಿನ ಸ್ನಾಯುಗಳ ಬಿಗಿತವನ್ನು ಸರಿಯಾಗಿ ಪರೀಕ್ಷಿಸಲಾಗದು, ಹಾಗಾಗಿ ಸಮಾಧಾನಪಡಿಸುವುದೂ ಪರೀಕ್ಷೆಯ ಭಾಗವೇ.)

ಪೋಷಕರೊಂದಿಗಿನ ಮಾತುಕತೆಯೇ ಈ ಕೆಲಸದ ಅರ್ಧ ಭಾಗ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ಸ್ನಾನ, ಬಟ್ಟೆ ತೊಡಿಸುವಿಕೆಗಳ ನಡುವೆಯೇ ಅಭ್ಯಾಸವನ್ನು ಅಳವಡಿಸಿಕೊಟ್ಟರೆ ಅದನ್ನು ಮುಂದುವರಿಸುವುದು ಅವರಿಗೆ ಸುಲಭ. ಮುಂದೆ ಅವಧಿಗೆ ಮುನ್ನ ಜನಿಸಿದ ಶಿಶುಗಳ ಆರೈಕೆಯನ್ನು ಕಲಿಯಲಿದ್ದೇನೆ.