ಪದಚರ್ಚೆ: ಆನಿಮೇಶನ್ನಿನ ‘ಸ್ಪೇಸಿಂಗ್’ಗೆ ‘ಹರವು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಚಿಂತಾಮಣಿಯಿಂದ ಬರೆಯುತ್ತಿದ್ದೇನೆ. ಹವ್ಯಾಸಕ್ಕೆ ಆನಿಮೇಶನ್ ಮಾಡುವವರ ಒಂದು ಆನ್‌ಲೈನ್ ಗುಂಪನ್ನು ನೋಡಿಕೊಳ್ಳುತ್ತೇನೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಕಡೆಯವರು ಇದ್ದಾರೆ. ಡಿಪ್ಲೊಮಾ ಓದುವ ಹುಡುಗರು, ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ವ್ಯಾಪಾರ ಮಾಡುವವರು ಒಬ್ಬರು. ಫೋನಿನಲ್ಲಿ ಮಾಡುವವರಿಗೆ ಫ್ಲಿಪಾಕ್ಲಿಪ್ ಆ್ಯಪ್, ಕಂಪ್ಯೂಟರ್ ಇದ್ದವರಿಗೆ ಕ್ರಿಟಾ ಇಲ್ಲವೇ ಓಪನ್‌ಟೂನ್ಸ್ ಸಾಫ್ಟ್‌ವೇರ್. ತಿಂಗಳಿಗೊಂದು ಟಾಸ್ಕ್ ಕೊಡುತ್ತೇನೆ, ಅವರು ಕ್ಲಿಪ್ ಹಾಕುತ್ತಾರೆ, ಎಲ್ಲಿ ತಿದ್ದಬೇಕು ಅಂತ ನಾನು ವಾಯ್ಸ್ ನೋಟ್ ಕಳಿಸುತ್ತೇನೆ. ಗುಂಪು ನಡೆಸುವುದು ಅಂದರೆ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು, ದಯವಿಟ್ಟು ಇಲ್ಲಿ ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ ಅಂತ ಕೇಳಿಕೊಳ್ಳುವುದು.

ವಿಷಯಕ್ಕೆ ಬರುತ್ತೇನೆ. ಆನಿಮೇಶನ್ನಿನಲ್ಲಿ ಟೈಮಿಂಗ್ ಬೇರೆ, ಸ್ಪೇಸಿಂಗ್ ಬೇರೆ. ಒಂದು ಚಲನೆ ಮುಗಿಯೋಕೆ ಎಷ್ಟು ಫ್ರೇಮ್ (ತೆರೆ ಮೇಲೆ ಒಂದರ ಹಿಂದೊಂದು ಬರುವ ಬಿಡಿ ಚಿತ್ರ) ಹಿಡಿಯುತ್ತದೆ ಅನ್ನುವುದು ಟೈಮಿಂಗ್. ಆ ಫ್ರೇಮುಗಳಲ್ಲಿ ವಸ್ತು ಎಲ್ಲೆಲ್ಲಿ ಕೂತಿದೆ, ಒಂದು ಚಿತ್ರದಿಂದ ಮುಂದಿನದಕ್ಕೆ ಎಷ್ಟೆಷ್ಟು ಸರಿದಿದೆ ಅನ್ನುವುದು ಸ್ಪೇಸಿಂಗ್. ನಮ್ಮವರು ಎರಡಕ್ಕೂ ‘ಸ್ಪೀಡ್’ ಅಂದುಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಚೆಂಡು ಬೀಳಿಸುವ ಟಾಸ್ಕನ್ನೇ ನೋಡಿ. ನಾಲ್ಕಡಿ ಎತ್ತರದಿಂದ ಚೆಂಡು ಬಿಟ್ಟರೆ ಸುಮಾರು ಅರ್ಧ ಸೆಕೆಂಡಿಗೆ ನೆಲ ಮುಟ್ಟುತ್ತದೆ. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡೆರಡು ಫ್ರೇಮ್ ನಿಲ್ಲುತ್ತದೆ ಅಂದುಕೊಳ್ಳಿ. ಅಲ್ಲಿಗೆ 12 ಫ್ರೇಮ್, ಆರು ಜಿಗಿತ. ಆ ಎತ್ತರವನ್ನು 36 ಭಾಗ ಮಾಡಿದರೆ ನಿಜವಾದ ಚೆಂಡು ಮೊದಲು 1 ಭಾಗ ಇಳಿಯುತ್ತದೆ, ಆಮೇಲೆ 3, 5, 7, 9, ಕೊನೆಗೆ 11. ಕೂಡಿ ನೋಡಿ, 36 ಬರುತ್ತದೆ. ಗೆಲಿಲಿಯೋ ಕಂಡುಕೊಂಡ ಬೆಸಸಂಖ್ಯೆಯ ಲೆಕ್ಕ ಇದು. ಒಬ್ಬ ಹುಡುಗ ಆರೂ ಸಲ ಸಮನಾಗಿ 6 ಭಾಗ ಇಳಿಸಿದ್ದ. ಚೆಂಡು ಬಾವಿಗೆ ಬಿಟ್ಟ ಬಿಂದಿಗೆ ಥರ ಒಂದೇ ಸಮ ಇಳಿಯಿತು. ಇನ್ನೊಬ್ಬರು ‘ಸ್ಪೀಡ್ ಸಾಲಲ್ಲ’ ಅಂದರು. ಅವನು ಎರಡು ಚಿತ್ರ ಕಿತ್ತು ಹಾಕಿದ. ಬಿಂದಿಗೆ ಇನ್ನೂ ಬೇಗ ಇಳಿಯಿತು, ಅಷ್ಟೇ. ಅವನ ಫ್ರೇಮಿನ ಎಣಿಕೆ ಮೊದಲೇ ಸರಿ ಇತ್ತು. ಕೂರಿಸಿದ ಜಾಗ ಸರಿ ಇರಲಿಲ್ಲ. ಎದುರಿಗಿದ್ದಿದ್ದರೆ ಬೆರಳಿಟ್ಟು ತೋರಿಸಬಹುದಿತ್ತು. ಫೋನಿನಲ್ಲಿ ಮಾತೊಂದೇ ಗತಿ, ಅದಕ್ಕೇ ಪದ ಬೇಕು.

ಟೈಮಿಂಗಿಗೆ ‘ಎಣಿಕೆ’ ಅಂತ ಗುಂಪಿನಲ್ಲಿ ರೂಢಿಯಾಗಿದೆ. ‘ಎಣಿಕೆ 12 ಇಟ್ಟುಕೋ’ ಅಂದರೆ ಯಾರೂ ತಿರುಗಿ ಕೇಳಲ್ಲ. ಸ್ಪೇಸಿಂಗಿಗೆ ಮಾತ್ರ ಯಾವುದೂ ಕೂರುತ್ತಿಲ್ಲ.

ಮೇಷ್ಟ್ರು ‘ಅಂತರ’ ಅಂದರು. ತೋಟಗಾರಿಕೆಯವರ ಕೈಪಿಡಿಯಲ್ಲಿ ಗಿಡದಿಂದ ಗಿಡಕ್ಕೆ ಇರುವ ಹಾಗೆ, ಅದು ಎರಡರ ನಡುವಿನ ಅಳತೆ. ನನಗೆ ಬೇಕಿರುವುದು ಒಂದು ಸಂದಿನ ಅಳತೆಯಲ್ಲ, ಇಡೀ ಸಾಲಿನ ಹಂಚಿಕೆ. ಅಲ್ಲದೆ 2020ರ ನಂತರ ‘ಅಂತರ’ ಅಂದ ತಕ್ಷಣ ಮಾಸ್ಕ್ ಜೋಕು ಬರುತ್ತದೆ. ‘ಎಡೆ’ ನನಗೆ ಇಷ್ಟ. ಬೆಳೆಸಾಲುಗಳ ನಡುವೆ ಹಾಯಿಸುವ ಎಡೆಕುಂಟೆಯಲ್ಲಿ ‘ನಡುವಿನ ಜಾಗ’ ಅನ್ನುವ ಅರ್ಥ ಇನ್ನೂ ಬದುಕಿದೆ. ಆದರೆ ನಮ್ಮ ಕಡೆ ಎಡೆ ಅಂದರೆ ಹಿರಿಯರಿಗೆ ಇಡುವ ಎಡೆ. ‘ನಿನ್ನ ಎಡೆ ಸರಿಯಿಲ್ಲ’ ಅಂದರೆ ‘ವಡೆ ಮರೆತುಬಿಟ್ಟೆನಾ ಅಣ್ಣಾ?’ ಅಂತ ಕೇಳುತ್ತಾರೆ.

ಚೆನ್ನಾಗಿ ಓಡುತ್ತಿರುವುದು ಹೊಲದ ಮಾತು. ರಾಗಿ ಒತ್ತಾಗಿ ಬಿದ್ದಿದೆ, ತೆಳ್ಳಗೆ ಬಿದ್ದಿದೆ ಅನ್ನುತ್ತೇವಲ್ಲ, ಹಾಗೆ ‘ಮೇಲುಗಡೆ ಒತ್ತಾಗಿ ಇಡು, ಕೆಳಗೆ ಬರ್ತಾ ತೆಳ್ಳಗೆ ಮಾಡು’ ಅಂದರೆ ಸಾಕು, ಚೆಂಡು ಬೀಳುತ್ತದೆ. ನಮ್ಮ ತಾಲ್ಲೂಕಿನಲ್ಲಿ, ಬಾಗೇಪಲ್ಲಿಯಲ್ಲಿ ಮನೆಯಲ್ಲಿ ತೆಲುಗು ಆಡುವವರು ಜಾಸ್ತಿ. ತೆಲುಗಿನಲ್ಲೂ ‘ಒತ್ತುಗಾ’ ಅಂದರೆ ದಟ್ಟವಾಗಿ ಅಂತಲೇ, ಹಾಗಾಗಿ ಅವರಿಗೂ ಸಲೀಸು. ಒಂದೇ ಎಚ್ಚರಿಕೆ: ‘ಒತ್ತಾಗಿ’ ಅನ್ನಬೇಕು, ಬರೀ ‘ಒತ್ತು’ ಅನ್ನಬಾರದು. ಹಾಗಂದಿದ್ದಕ್ಕೆ ಒಬ್ಬಳು ಚೆಂಡನ್ನೇ ಅದುಮಿ ಚಪ್ಪಟೆ ಮಾಡಿ ಕಳಿಸಿದಳು.

‘ಒತ್ತಾಗಿ’, ‘ತೆಳ್ಳಗೆ’ ಎರಡೂ ಹೇಗೆ ಅನ್ನುವುದನ್ನು ಹೇಳುತ್ತವೆ. ಏನು ಅನ್ನುವುದಕ್ಕೆ ಹೆಸರು ಬೇಕಲ್ವಾ? ‘ನಿನ್ನ ಎಣಿಕೆ ಸರಿ ಇದೆ, ಆದರೆ ... ಸರಿಯಿಲ್ಲ’ ಅನ್ನುವ ಕಡೆ ಹಾಕುವ ಪದ. ನನ್ನ ಮನಸ್ಸು ‘ಹರವು’ ಕಡೆಗಿದೆ. ಕಣದಲ್ಲಿ ರಾಗಿ ಹರವುತ್ತೇವೆ, ಒಂದು ಕಡೆ ಗುಡ್ಡೆ, ಒಂದು ಕಡೆ ತೆಳು ಆದರೆ ‘ಹರವಿದ್ದು ಸರಿಯಾಗಿಲ್ಲ’ ಅನ್ನುತ್ತೇವೆ. ಹಂಚಿಕೆಯ ಅರ್ಥ ಅದರಲ್ಲಿ ತಾನಾಗಿ ಇದೆ. ‘ಹಂಚಿಕೆ’ ಅಂತಲೇ ಅನ್ನಬಹುದಿತ್ತು, ಆದರೆ ಅದನ್ನು ಕೇಳಿದರೆ ರೇಷನ್ ಅಂಗಡಿ ನೆನಪಾಗುತ್ತದೆ.

ಅನುಮಾನ ಇಷ್ಟೇ. ‘ಹರವು’ ನಾಮಪದವಾದಾಗ ಅಗಲ ಅನ್ನುವ ಅರ್ಥಕ್ಕೆ ವಾಲುತ್ತದೆ: ಎದೆಯ ಹರವು, ಕೆರೆಯ ಹರವು. ‘ಚೆಂಡಿನ ಹರವು’ ಅಂದರೆ ಚೆಂಡಿನ ಗಾತ್ರ ಅಂತ ತಿಳಿದಾರೇ? ಶಿರಾ, ಮಧುಗಿರಿ, ಪಾವಗಡ ಕಡೆಯವರು ದಯವಿಟ್ಟು ಹೇಳಿ. ಬಿತ್ತಿದ ಕಾಳು, ನೆಟ್ಟ ಸಸಿ, ಮುಡಿದ ಹೂವು ಹೇಗೆ ಹಂಚಿ ಕೂತಿದೆ ಅನ್ನುವುದಕ್ಕೆ ನಿಮ್ಮ ಮನೆಯಲ್ಲಿ ಒಂದೇ ಪದ ಇದೆಯಾ? ನಿಘಂಟಿನ ಅರ್ಥ ಬೇಡ, ಅದನ್ನು ನೋಡಿದ್ದೇನೆ. ಮನೆಯಲ್ಲಿ ಆಡುವ ಒಂದು ವಾಕ್ಯ ಹಾಗೇ ಬರೆದು ಕಳಿಸಿ. ಮುಂದಿನ ಟಾಸ್ಕು ಲೋಲಕ, ಎರಡು ತುದಿಯಲ್ಲೂ ಒತ್ತಾಗಿ, ನಡುವೆ ತೆಳ್ಳಗೆ. ಅಷ್ಟರೊಳಗೆ ಪದ ಸಿಕ್ಕರೆ ವಾಯ್ಸ್ ನೋಟು ಅರ್ಧಕ್ಕೆ ಇಳಿಯುತ್ತದೆ.