ಒಂದೇ ಹಾಡು ನಾಲ್ಕು ಫೋಲ್ಡರಿನಲ್ಲಿ: ಸಂಗೀತ ಸಂಗ್ರಹ ಒಂದುಗೂಡಿಸುವ ಸರಿಯಾದ ಕ್ರಮ ಯಾವುದು?

ಮುಸ್ಸಂಜೆರಾಗ (ಪ್ರಶ್ನೆ)

ಮನೆಯ ಕಂಪ್ಯೂಟರಿನಲ್ಲಿ (ವಿಂಡೋಸ್ 11) ಹಾಡುಗಳು ನಾಲ್ಕು ಕಡೆ ಹಂಚಿಹೋಗಿವೆ. ಸಿ ಡ್ರೈವಿನ ಐಟ್ಯೂನ್ಸ್ ಮೀಡಿಯಾ ಫೋಲ್ಡರಿನಲ್ಲಿ 61 ಜಿಬಿ, ಡಿ ಡ್ರೈವಿನ ‘ಹಾಡುಗಳು’ ಫೋಲ್ಡರಿನಲ್ಲಿ 48 ಜಿಬಿ, ಹಳೆಯ ಲ್ಯಾಪ್‌ಟಾಪಿನ ಬ್ಯಾಕಪ್ 22 ಜಿಬಿ, ಹಳೆಯ ಮ್ಯಾಕ್‌ನಿಂದ ಜಿಪ್ ಮಾಡಿ ತಂದದ್ದು 9 ಜಿಬಿ. ಹೆಚ್ಚಿನವು ಎಂಪಿ3, ಸ್ವಲ್ಪ ಎಂ4ಎ, ಸ್ವಲ್ಪ ಫ್ಲ್ಯಾಕ್. ಚಿತ್ರಗೀತೆ, ಭಾವಗೀತೆ, ದಾಸರ ಪದ, ಕಛೇರಿಗಳ ಧ್ವನಿಮುದ್ರಣ ಎಲ್ಲ ಬೆರೆತಿವೆ.

ಎಲ್ಲವನ್ನೂ ಒಂದೇ ಫೋಲ್ಡರಿಗೆ ಎಳೆದು ಹಾಕಿ ‘ರಿಪ್ಲೇಸ್’ ಒತ್ತಿದರೆ ಸಾಕೇ? ಎರಡು ಪ್ರತಿ ಇದ್ದಾಗ ಯಾವುದನ್ನು ಉಳಿಸಿಕೊಳ್ಳಬೇಕು? ಐಟ್ಯೂನ್ಸಿನ ಪ್ಲೇಲಿಸ್ಟುಗಳು ಕೆಡಬಾರದು. 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಖಾಲಿ ಇದೆ.

ಶ್ರುತಿಪೆಟ್ಟಿಗೆ

ರಿಪ್ಲೇಸ್ ಒತ್ತಲೇಬೇಡಿ. ವಿಂಡೋಸ್ ನೋಡುವುದು ಫೈಲಿನ ಹೆಸರನ್ನು, ಒಳಗಿನ ಹಾಡನ್ನಲ್ಲ. ಸಿಡಿಯಿಂದ ಇಳಿಸಿದ ಹಾಡುಗಳಿಗೆ ಎಷ್ಟೋ ಸಲ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂಬ ಹೆಸರೇ ಇರುತ್ತದೆ. ಎರಡು ಬೇರೆ ಸಿಡಿಗಳ ಮೊದಲ ಹಾಡುಗಳು ಒಂದೇ ಫೋಲ್ಡರಿಗೆ ಬಿದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ. ಹಾಗೆ ಮೇಲೆ ಬರೆಯಲ್ಪಟ್ಟ ಫೈಲು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ.

ಈ ಕೆಲಸದಲ್ಲಿ ತಂತ್ರಾಂಶಕ್ಕಿಂತ ಕ್ರಮ ಮುಖ್ಯ. ಹೆಚ್ಚಿನವರು ಮೊದಲು ಟ್ಯಾಗ್ (ಶೀರ್ಷಿಕೆ, ಗಾಯಕರು, ಆಲ್ಬಂ ಮುಂತಾದ ವಿವರ) ತಿದ್ದಿ, ಹೆಸರು ಚೆಂದ ಮಾಡಿ, ಆಮೇಲೆ ನಕಲು ಹುಡುಕಲು ಹೊರಡುತ್ತಾರೆ. ಅದು ತಲೆಕೆಳಗು. ಟ್ಯಾಗ್ ಎನ್ನುವುದು ಹಾಡಿನ ಫೈಲಿನೊಳಗೇ ಇರುತ್ತದೆ: ಎಂಪಿ3ಯಲ್ಲಿ ಐಡಿ3 ಎರಡನೇ ಆವೃತ್ತಿ ಸಾಮಾನ್ಯವಾಗಿ ಫೈಲಿನ ಆರಂಭದಲ್ಲಿ, ಹಳೆಯ ಒಂದನೇ ಆವೃತ್ತಿ ಕೊನೆಯ 128 ಬೈಟುಗಳಲ್ಲಿ. ಒಂದು ಪ್ರತಿಯ ಟ್ಯಾಗಿನಲ್ಲಿ ಒಂದೇ ಅಕ್ಷರ ತಿದ್ದಿದರೂ ಆ ಎರಡು ಫೈಲುಗಳ ಹ್ಯಾಶ್ (ಫೈಲಿನ ಬೈಟುಗಳಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ಬೇರೆಯಾಗುತ್ತದೆ. ಅಲ್ಲಿಯವರೆಗೆ ಐದು ನಿಮಿಷದಲ್ಲಿ ಯಂತ್ರವೇ ಹಿಡಿಯುತ್ತಿದ್ದ ನಕಲನ್ನು ಆಮೇಲೆ ಕಿವಿಗೊಟ್ಟು ಹುಡುಕಬೇಕು. ಆದ್ದರಿಂದ ಕೆಲಸ ಮುಗಿಯುವವರೆಗೆ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ತಾನಾಗಿ ಮಾಹಿತಿ ತುಂಬುವ ಆಯ್ಕೆಯನ್ನೂ ಆಫ್ ಮಾಡಿಡಿ.

ಮೊದಲು ನಾಲ್ಕೂ ಫೋಲ್ಡರುಗಳನ್ನು ಇದ್ದ ಹಾಗೆಯೇ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕ್ ಕಳಚಿ ಪಕ್ಕಕ್ಕಿಡಿ. ವಿಂಡೋಸಿನ ಕಾಪಿ ಕಮ್ಯಾಂಡ್ ಆದ ರೋಬೋಕಾಪಿ ಬಳಸುವವರು ‘ಎಂಐಆರ್’ ಸ್ವಿಚ್ ಹಾಕಬೇಡಿ, ‘ಇ’ ಸ್ವಿಚ್ ಸಾಕು. ಎಂಐಆರ್, ಮೂಲದಲ್ಲಿ ಇಲ್ಲದ ಫೈಲನ್ನು ಗುರಿಯಲ್ಲೂ ಅಳಿಸುತ್ತದೆ. ನಾಲ್ಕು ಮೂಲಗಳನ್ನು ಒಂದೇ ಗುರಿಗೆ ಹಾಗೆ ಕಳಿಸಿದರೆ ಕೊನೆಯದು ಮಾತ್ರ ಉಳಿಯುತ್ತದೆ.

ಎರಡನೆಯದು, ಬೈಟಿಗೆ ಬೈಟು ಒಂದೇ ಇರುವ ಪ್ರತಿಗಳು. ನಕಲು ಹುಡುಕುವ ತಂತ್ರಾಂಶ ಡ್ಯೂಪ್‌ಗುರು ತೆರೆದು, ಸ್ಟ್ಯಾಂಡರ್ಡ್ ಮೋಡ್, ಸ್ಕ್ಯಾನ್ ವಿಧ ‘ಕಂಟೆಂಟ್ಸ್’ ಆರಿಸಿ. ಐಟ್ಯೂನ್ಸ್ ಫೋಲ್ಡರನ್ನು ‘ರೆಫರೆನ್ಸ್’ ಎಂದು ಗುರುತಿಸಿ, ಉಳಿದ ಮೂರು ‘ನಾರ್ಮಲ್’ ಇರಲಿ. ರೆಫರೆನ್ಸ್ ಫೋಲ್ಡರಿನ ಫೈಲನ್ನು ಅದು ಅಳಿಸಲು ಬಿಡುವುದಿಲ್ಲ, ಹಾಗಾಗಿ ಪ್ಲೇಲಿಸ್ಟು ನೆಚ್ಚಿಕೊಂಡ ಪ್ರತಿ ಉಳಿಯುತ್ತದೆ. ಸಿಕ್ಕ ನಕಲುಗಳನ್ನು ಡಿಲೀಟ್ ಮಾಡದೆ ‘ಮೂವ್ ಮಾರ್ಕ್ಡ್’ ಕೊಟ್ಟು ‘ಹೊರಗಿಟ್ಟದ್ದು’ ಎಂಬ ಫೋಲ್ಡರಿಗೆ ಕಳಿಸಿ. ಸೆಟ್ಟಿಂಗಿನಲ್ಲಿ ಪೂರ್ಣ ಪಾತ್ ಮರುಸೃಷ್ಟಿಸುವ ಆಯ್ಕೆ ಹಾಕಿದರೆ ಯಾವುದು ಎಲ್ಲಿಂದ ಬಂತೆಂದು ಗೊತ್ತಿರುತ್ತದೆ. ಡ್ಯೂಪ್‌ಗುರು ಮೊದಲು ಗಾತ್ರ ಹೋಲಿಸಿ, ಗಾತ್ರ ಒಂದೇ ಇದ್ದವನ್ನು ಮಾತ್ರ ಓದುವುದರಿಂದ ಬೇಗ ಮುಗಿಯುತ್ತದೆ. 140 ಜಿಬಿ ಪೂರ್ತಿ ಓದಿದರೂ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ 25 ನಿಮಿಷದ ಒಳಗಿನ ಕೆಲಸ.

ಮೂರನೆಯದು, ಹಾಡು ಒಂದೇ, ಟ್ಯಾಗ್ ಮಾತ್ರ ಬೇರೆ ಆದವು. ಡೌನ್‌ಲೋಡ್ ತಾಣಗಳು ತಮ್ಮ ಹೆಸರನ್ನು ಆಲ್ಬಂ, ಕಾಮೆಂಟ್ ಜಾಗದಲ್ಲೆಲ್ಲ ತುರುಕಿರುತ್ತವಲ್ಲ, ಅಂಥವು. ನಕಲು ಹುಡುಕುವ ಇನ್ನೊಂದು ತಂತ್ರಾಂಶವಾದ ಆಲ್‌ಡಪ್‌ನಲ್ಲಿ ಎಂಪಿ3 ಟ್ಯಾಗನ್ನು ಲೆಕ್ಕಕ್ಕೆ ಹಿಡಿಯದೆ ಹೋಲಿಸುವ ಆಯ್ಕೆ ಇದೆ. ಫ್ಲ್ಯಾಕ್ ಫೈಲಿಗೆ ಇನ್ನೂ ಸುಲಭ: ಟ್ಯಾಗಿಗೆ ಸಂಬಂಧವಿಲ್ಲದೆ, ಮೂಲ ಧ್ವನಿಯ ಎಂಡಿ5 ಮೊತ್ತವನ್ನು (ಒಂದು ಬಗೆಯ ಹ್ಯಾಶ್) ಅದು ತನ್ನ ತಲೆಭಾಗದಲ್ಲೇ ಬರೆದಿಟ್ಟುಕೊಂಡಿರುತ್ತದೆ.

ಬಿಟ್‌ರೇಟ್ (ಸೆಕೆಂಡಿನ ಧ್ವನಿಗೆ ಬಳಸಿದ ಮಾಹಿತಿಯ ಪ್ರಮಾಣ, ಕೆಬಿಪಿಎಸ್ ಲೆಕ್ಕದಲ್ಲಿ) ಬೇರೆ, ಫಾರ್ಮ್ಯಾಟ್ ಬೇರೆ ಆದ ಪ್ರತಿಗಳು ನಾಲ್ಕನೆಯ ಸುತ್ತಿಗೆ. ಟ್ಯಾಗ್, ಹೆಸರು, ಫೋಲ್ಡರ್ ರಚನೆ ಇವೆಲ್ಲ ಕಟ್ಟಕಡೆಗೆ.

ಕಡತಗಾರ

ಮೇಲಿನದಕ್ಕೆ ಎರಡು ಎಚ್ಚರಿಕೆ ಸೇರಿಸುತ್ತೇನೆ.

ವಿಂಡೋಸಿನ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ‘ಮೈ ಮ್ಯೂಸಿಕ್’ ಎಂಬ ಅಡಗಿದ ಜಂಕ್ಷನ್ ಇರುತ್ತದೆ. ಅದು ಬೇರೆ ಫೋಲ್ಡರ್ ಅಲ್ಲ, ನಿಮ್ಮ ಮ್ಯೂಸಿಕ್ ಫೋಲ್ಡರಿಗೇ ಇನ್ನೊಂದು ಬಾಗಿಲು. ಜಂಕ್ಷನ್ ಹಿಂಬಾಲಿಸುವ ಸ್ಕ್ಯಾನರಿಗೆ ಇಡೀ ಬಳಕೆದಾರ ಫೋಲ್ಡರನ್ನು ಕೊಟ್ಟರೆ ಒಂದೇ ಫೈಲನ್ನು ಎರಡು ಸಲ ಎಣಿಸಿ ‘ನಕಲು’ ಎನ್ನುತ್ತದೆ. ‘ನಕಲು’ ಅಳಿಸಿದಿರೋ, ಅಸಲೂ ಹೋಯಿತು. ಎಕ್ಸ್‌ಪ್ಲೋರರಿನ ಲೈಬ್ರರಿ ನೋಟವೂ ಹಾಗೆಯೇ, ಹಲವು ಫೋಲ್ಡರುಗಳನ್ನು ಒಟ್ಟಿಗೆ ತೋರಿಸುತ್ತದೆ ಅಷ್ಟೆ. ಸ್ಕ್ಯಾನಿಗೆ ಆ ನಾಲ್ಕು ಫೋಲ್ಡರುಗಳನ್ನು ಮಾತ್ರ ಒಂದೊಂದಾಗಿ ಆರಿಸಿ ಕೊಡಿ.

ಪೆನ್‌ಡ್ರೈವ್ ಮತ್ತು ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಅಲ್ಲಿರುವುದನ್ನು ಮೊದಲು ಡಿ ಡ್ರೈವಿಗೆ ತಂದುಕೊಂಡೇ ಕೈಹಾಕಿ.

ಮಂದ್ರಸ್ಥಾಯಿ

ಯಾವುದನ್ನು ಉಳಿಸಬೇಕು ಎನ್ನುವ ಪ್ರಶ್ನೆಗೆ ‘ದೊಡ್ಡ ಫೈಲನ್ನು’ ಎಂದು ಉತ್ತರಿಸುವವರೇ ಹೆಚ್ಚು. ಒಪ್ಪಲಾಗದು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ, 320ರದು ಸುಮಾರು 2.4 ಎಂಬಿ. ಆದರೆ 128ರ ಫೈಲನ್ನೇ ಮತ್ತೆ 320ಕ್ಕೆ ಪರಿವರ್ತಿಸಿ ಇಟ್ಟವರು ಬೇಕಾದಷ್ಟಿದ್ದಾರೆ. ಗಾತ್ರ ಹೆಚ್ಚಿತು, ಹೋದ ಧ್ವನಿ ಬರಲಿಲ್ಲ, ಎರಡನೇ ಸಲ ಹಿಂಡಿದ್ದರಿಂದ ಇನ್ನಷ್ಟು ಕೆಟ್ಟಿತು. ಸ್ಪೆಕ್ ಎಂಬ ಉಚಿತ ತಂತ್ರಾಂಶಕ್ಕೆ ಫೈಲು ಎಳೆದು ಹಾಕಿ ಆವರ್ತನಗಳ ಚಿತ್ರ ನೋಡಿ. ನಿಜವಾದ 320ರಲ್ಲಿ ಧ್ವನಿ 20 ಕಿಲೋಹರ್ಟ್ಸ್ ಹತ್ತಿರದವರೆಗೆ ಹಬ್ಬಿರುತ್ತದೆ. 16ರ ಆಸುಪಾಸಿನಲ್ಲಿ ಕತ್ತಿಯಿಂದ ಕೊಯ್ದಂತೆ ನಿಂತಿದ್ದರೆ ಅದು ಹಿಗ್ಗಿಸಿದ 128.

ಆದರೆ ಈ ಪರೀಕ್ಷೆಯನ್ನು ಹಳೆಯ ಮುದ್ರಣಗಳಿಗೆ ಅನ್ವಯಿಸಬೇಡಿ. 78 ಆರ್‌ಪಿಎಂ ತಟ್ಟೆಯಿಂದಲೋ, ರೇಡಿಯೋದಿಂದ ಕ್ಯಾಸೆಟ್ಟಿಗೆ ಹಿಡಿದದ್ದೋ ಆಗಿದ್ದರೆ ಮೇಲಿನ ಆವರ್ತನಗಳು ಮೂಲದಲ್ಲೇ ಇರುವುದಿಲ್ಲ. ಅಲ್ಲಿ ಕಿವಿಯೇ ಪ್ರಮಾಣ. ಸದ್ದು ತೆಗೆಯುವ ಫಿಲ್ಟರ್ ಹಾಕಿ ‘ಶುದ್ಧ’ ಮಾಡಿದ ಪ್ರತಿಗಿಂತ ಸ್ವಲ್ಪ ಕರಕರ ಇರುವ, ತಂಬೂರಿಯ ನಾದ ಉಳಿದಿರುವ ಪ್ರತಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕನೆಯ ಸುತ್ತಿಗೆ ಚ್ಕಾವ್ಕಾ ಎಂಬ ನಕಲು ಹುಡುಕುವ ತಂತ್ರಾಂಶ ಒಳ್ಳೆಯದು. ಇದು ಪೋಲಿಷ್ ಹೆಸರು. ಹುಡುಕುವಾಗ ಸಿ, ಜೆಡ್, ಕೆ, ಎ, ಡಬ್ಲ್ಯು, ಕೆ, ಎ ಎಂದು ಟೈಪಿಸಿ. ಅದರ ಸಂಗೀತ ವಿಭಾಗದಲ್ಲಿ ಟ್ಯಾಗ್ ಬಿಟ್ಟು ಧ್ವನಿಯನ್ನೇ ಹೋಲಿಸುವ ವಿಧ ಆರಿಸಿ. ಅದು ಧ್ವನಿಯ ಬೆರಳಚ್ಚು (ಧ್ವನಿಯನ್ನು ಗುರುತಿಸುವ ಸಂಕ್ಷಿಪ್ತ ಸಂಕೇತ) ತೆಗೆದು ನಿಮ್ಮ ಫೈಲುಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ಟ್ಯಾಗ್ ತುಂಬುವ ತಂತ್ರಾಂಶ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಕೂಡ ಬೆರಳಚ್ಚು ತೆಗೆಯುತ್ತದೆ, ಆದರೆ ಅದು ಹುಡುಕುವುದು ಆನ್‌ಲೈನ್ ಕೋಶದಲ್ಲಿ. ಯಾರೂ ಸೇರಿಸದ ಹಳೆಯ ಭಾವಗೀತೆ ಕ್ಯಾಸೆಟ್ಟು ಅಲ್ಲಿ ಸಿಗುವುದಿಲ್ಲ. ಸಿಕ್ಕರೂ ಯಾವುದೋ ಸಂಕಲನದ ಹೆಸರು ಅಂಟಿಸಬಹುದು. ಪಿಕಾರ್ಡ್ ಬಳಸುವುದಾದರೆ, ಉಳಿಸುವಾಗ ಫೈಲು ಸ್ಥಳಾಂತರಿಸುವ ಮತ್ತು ಹೆಸರು ಬದಲಿಸುವ ಆಯ್ಕೆಗಳನ್ನು ತೆಗೆದಿಡಿ.

ಬೆರಳಚ್ಚಿನ ದೊಡ್ಡ ಮಿತಿಯೊಂದಿದೆ. ಪಿಕಾರ್ಡ್ ಬಳಸುವ ಅಕೌಸ್ಟ್ಐಡಿ ಪದ್ಧತಿ ಸಾಮಾನ್ಯವಾಗಿ ಮೊದಲ 120 ಸೆಕೆಂಡುಗಳನ್ನು ಮಾತ್ರ ನೋಡುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತು 11 ನಿಮಿಷಕ್ಕೆ ತುಂಡಾದ ಫೈಲು, ಪೂರ್ತಿ 48 ನಿಮಿಷದ ರಾಗ ವಿಸ್ತಾರ, ಎರಡರ ಆರಂಭವೂ ಒಂದೇ ಆದ್ದರಿಂದ ಬೆರಳಚ್ಚೂ ಒಂದೇ ಎನಿಸುತ್ತದೆ. ಯಾವ ತಂತ್ರಾಂಶವಾದರೂ ಸರಿ, ಪಟ್ಟಿಯಲ್ಲಿ ಅವಧಿಯ ಕಾಲಂ ತೆರೆದಿಡಿ. ಎರಡು ಮೂರು ಸೆಕೆಂಡು ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಿದ್ದರೆ ಕೊನೆಯ ಅರ್ಧ ನಿಮಿಷ ಕೇಳಿಯೇ ತೀರ್ಮಾನಿಸಿ.

ಟ್ಯಾಗ್ ನೋಡಿ ಹೋಲಿಸುವುದು ನಮ್ಮ ಸಂಗೀತಕ್ಕಂತೂ ಅಪಾಯ. ಒಂದೇ ದಾಸರ ಪದವನ್ನು ಒಬ್ಬರೇ ಗಾಯಕರು ಮೂರು ಕಛೇರಿಗಳಲ್ಲಿ ಹಾಡಿರುತ್ತಾರೆ. ಹೆಸರು, ಗಾಯಕರು ಒಂದೇ, ಹಾಡುಗಾರಿಕೆ ಮೂರು. ಚಿತ್ರಗೀತೆಯಲ್ಲಿ ಸಂತೋಷದ ಆವೃತ್ತಿ, ಶೋಕದ ಆವೃತ್ತಿ ಎರಡಕ್ಕೂ ಒಂದೇ ಪಲ್ಲವಿ. ಇವು ನಕಲುಗಳಲ್ಲ. ಶೀರ್ಷಿಕೆಯಲ್ಲಿ ಸ್ಥಳ, ವರ್ಷ ಅಥವಾ ‘ಶೋಕ’ ಎಂದು ಸೇರಿಸಿ ಬೇರ್ಪಡಿಸಿ.

ಮುಸ್ಸಂಜೆರಾಗ

ತುಂಬ ಉಪಕಾರವಾಯಿತು. ಎರಡನೇ ಸುತ್ತಿನಲ್ಲೇ 37 ಜಿಬಿ ಹೊರಬಿತ್ತು. ಈಗ ವಿಚಿತ್ರವೊಂದು: ಡಿ ಡ್ರೈವಿನಲ್ಲಿ ‘ಭಾವಗೀತೆ’ ಎಂಬ ಹೆಸರಿನ ಎರಡು ಫೋಲ್ಡರುಗಳು ಪಕ್ಕಪಕ್ಕದಲ್ಲೇ ಇವೆ. ಅಕ್ಷರ ಅಕ್ಷರ ಒಂದೇ. ಒಂದೇ ಜಾಗದಲ್ಲಿ ಒಂದೇ ಹೆಸರು ಹೇಗೆ ಸಾಧ್ಯ? ಮ್ಯಾಕ್‌ನ ಜಿಪ್ಪಿನಲ್ಲಿ ಕೆಲವೇ ಕೆಬಿಯ, ಹಾಡದ ಎಂಪಿ3ಗಳೂ ಇವೆ.

ಒತ್ತಕ್ಷರ

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ‘ಗೀ’ಯ ದೀರ್ಘವನ್ನು ಎರಡು ರೀತಿ ಬರೆಯಬಹುದು: ಇಡಿಯಾಗಿ ಒಂದೇ ಚಿಹ್ನೆ, ಇಲ್ಲವೇ ಗುಡಿಸು ಮತ್ತು ದೀರ್ಘದ ಗುರುತು ಎಂದು ಬಿಡಿಸಿ ಎರಡು. ಕೀ, ಕೇ, ಕೈ, ಕೊ, ಕೋ ಈ ಐದೂ ಸ್ವರಚಿಹ್ನೆಗಳಿಗೆ ಈ ಎರಡು ರೂಪಗಳಿವೆ. ಕಾ, ಕು, ಕೂ, ಕೆ, ಕೌಗಳಿಗೆ ಇಲ್ಲ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ, ಜಿಪ್ಪಿನಲ್ಲೂ ಹಾಗೇ ಬರುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ, ಎರಡೂ ರೂಪ ಒಂದೇ ಎಂದು ಅದಕ್ಕೆ ತಿಳಿಯದು.

ಪರೀಕ್ಷೆ ಹೀಗೆ: ಹೆಸರನ್ನು ನೋಟ್‌ಪ್ಯಾಡಿಗೆ ಅಂಟಿಸಿ, ‘ಗೀ’ ನಂತರ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ. ‘ಗ’ ಉಳಿದರೆ ಇಡಿ ರೂಪ, ‘ಗಿ’ ಉಳಿದರೆ ಬಿಡಿಸಿದ ರೂಪ. ಬಿಡಿಸಿದ ರೂಪದ ಫೋಲ್ಡರಿನ ಫೈಲುಗಳನ್ನು ಇನ್ನೊಂದಕ್ಕೆ ಸಾಗಿಸಿ, ಖಾಲಿಯಾದದ್ದನ್ನು ಅಳಿಸಿ. ಫೈಲಿನ ಹೆಸರುಗಳಿಗೂ ಇದೇ ರೋಗ ಇರುತ್ತದೆ, ಆದರೆ ಟ್ಯಾಗನ್ನು ಫೈಲ್ ವ್ಯವಸ್ಥೆ ಮುಟ್ಟುವುದಿಲ್ಲ. ಟ್ಯಾಗ್ ತಿದ್ದುವ ತಂತ್ರಾಂಶ ಎಂಪಿ3ಟ್ಯಾಗ್‌ನಲ್ಲಿ ಟ್ಯಾಗಿನಿಂದ ಹೆಸರು ಮತ್ತೆ ಕಟ್ಟಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಲಿನಕ್ಸ್ ಬಲ್ಲವರಿಗೆ ಫೈಲಿನ ಹೆಸರು ಪರಿವರ್ತಿಸುವ ಕಾನ್ವ್‌ಎಂವಿ ಇದೆ, ಎನ್‌ಎಫ್‌ಸಿ (ಇಡಿ ರೂಪ) ಆಯ್ಕೆ ಕೊಟ್ಟರೆ ಸಾಲಾಗಿ ತಿದ್ದುತ್ತದೆ.

ಹಾಡದ ಎಂಪಿ3ಗಳ ಹೆಸರು ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗಿದ್ದರೆ ಅವು ಮ್ಯಾಕ್ ಬರೆದಿಟ್ಟ ಪಕ್ಕಟಿಪ್ಪಣಿಗಳು. ಧಾರಾಳವಾಗಿ ಅಳಿಸಿ.

ಟ್ಯಾಗಿನಲ್ಲಿ ಕನ್ನಡವಿದ್ದರೆ ಎಂಪಿ3ಟ್ಯಾಗ್‌ನ ಸೆಟ್ಟಿಂಗಿನಲ್ಲಿ ಐಡಿ3 2.3, ಯುಟಿಎಫ್-16 ಆರಿಸಿ. ಒಂದನೇ ಆವೃತ್ತಿಯ ಟ್ಯಾಗಿನಲ್ಲಿ ಶೀರ್ಷಿಕೆಗೆ 30 ಬೈಟು ಮಾತ್ರ ಜಾಗ, ಕನ್ನಡ ಅಲ್ಲಿ ಪ್ರಶ್ನೆಚಿಹ್ನೆಗಳ ಸಾಲಾಗುತ್ತದೆ, ಅದನ್ನು ತೆಗೆದೇಬಿಡಿ. ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನ ಪಠ್ಯವಾಗಿರಬಹುದು. ಯೂನಿಕೋಡಿಗೆ ಪರಿವರ್ತಿಸಿದರೆ ಮಾಹಿತಿ ಪೂರ್ತಿ ವಾಪಸು ಬರುತ್ತದೆ, ಅಳಿಸಬೇಡಿ.

ಶ್ರುತಿಪೆಟ್ಟಿಗೆ

ಇನ್ನು ಐಟ್ಯೂನ್ಸ್. ಪ್ಲೇಲಿಸ್ಟು, ಎಷ್ಟು ಸಲ ಕೇಳಿದಿರಿ ಎಂಬ ಲೆಕ್ಕ, ನಕ್ಷತ್ರ ಇವೆಲ್ಲ ಹಾಡಿನ ಫೈಲಿನಲ್ಲಿಲ್ಲ, ‘ಐಟ್ಯೂನ್ಸ್ ಲೈಬ್ರರಿ’ ಎಂಬ ಐಟಿಎಲ್ ಫೈಲಿನಲ್ಲಿವೆ. ಮೊದಲು ಅದರ ಪ್ರತಿ ತೆಗೆದಿಡಿ. ಆ ಫೋಲ್ಡರಿನ ಹಾಡುಗಳನ್ನು ಎಕ್ಸ್‌ಪ್ಲೋರರಿನಲ್ಲಿ ಸರಿಸಬೇಡಿ, ಸರಿಸಿದರೆ ಪ್ರತಿ ಹಾಡಿನ ಮುಂದೆ ಆಶ್ಚರ್ಯಸೂಚಕ ಬರುತ್ತದೆ. ಡಿ ಡ್ರೈವಿಗೆ ಸಾಗಿಸಬೇಕೆಂದರೆ ಪ್ರಿಫರೆನ್ಸಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಮೀಡಿಯಾ ಫೋಲ್ಡರಿನ ಜಾಗ ಬದಲಿಸಿ, ಆಮೇಲೆ ಫೈಲ್ ಮೆನುವಿನ ಲೈಬ್ರರಿಯಲ್ಲಿ ‘ಕನ್ಸಾಲಿಡೇಟ್ ಫೈಲ್ಸ್’ ಕೊಡಿ. ಇದು ಸಾಗಿಸುವುದಿಲ್ಲ, ಕಾಪಿ ಮಾಡುತ್ತದೆ. ಹಾಗಾಗಿ 61 ಜಿಬಿ ಖಾಲಿ ಬೇಕು, ಸಿ ಡ್ರೈವಿನ ಹಳೆಯದು ಅಲ್ಲೇ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಜೋಡಿ ಸಂಗ್ರಹ ಹುಟ್ಟುವುದೇ ಇಲ್ಲಿಂದ.

ಲೈಬ್ರರಿಯ ಒಳಗಿನ ನಕಲುಗಳಿಗೆ ಶಿಫ್ಟ್ ಒತ್ತಿಹಿಡಿದು ಅದೇ ಮೆನುವಿನಲ್ಲಿ ‘ಎಕ್ಸಾಕ್ಟ್ ಡೂಪ್ಲಿಕೇಟ್’ ತೋರಿಸುವುದನ್ನು ಆರಿಸಿ. ಶಿಫ್ಟ್ ಇಲ್ಲದಿದ್ದರೆ ಶೀರ್ಷಿಕೆ, ಗಾಯಕರಷ್ಟೇ ನೋಡುತ್ತದೆ. ಇದ್ದರೆ ಆಲ್ಬಮನ್ನೂ ನೋಡುತ್ತದೆ. ಅಳಿಸುವ ಮುಂಚೆ ಬಲಕ್ಲಿಕ್ ಮಾಡಿ ಆ ಪ್ರತಿ ಯಾವ ಪ್ಲೇಲಿಸ್ಟಿನಲ್ಲಿದೆ ನೋಡಿ. ಪ್ಲೇಲಿಸ್ಟಿನಲ್ಲಿರುವುದು 128, ಹೊರಗೆ ಸಿಕ್ಕಿದ್ದು ನಿಜವಾದ 320 ಆಗಿದ್ದರೆ ಐಟ್ಯೂನ್ಸ್ ಮುಚ್ಚಿ, ಒಳ್ಳೆಯದಕ್ಕೆ ಹಳೆಯದರ ಹೆಸರನ್ನೇ ಇಟ್ಟು ಅದೇ ಜಾಗದಲ್ಲಿ ಕೂರಿಸಿ. ಎರಡೂ ಎಂಪಿ3 ಆಗಿದ್ದರೆ ಪ್ಲೇಲಿಸ್ಟು ಅಲುಗುವುದಿಲ್ಲ. ಫ್ಲ್ಯಾಕ್ ಅನ್ನು ಐಟ್ಯೂನ್ಸ್ ನುಡಿಸುವುದಿಲ್ಲ, ಅವನ್ನು ಎಎಲ್‌ಎಸಿಗೆ (ಗುಣಮಟ್ಟ ಕಳೆಯದ ಆಪಲ್ ಫಾರ್ಮ್ಯಾಟ್) ಬದಲಿಸಿ ಸೇರಿಸಿ.

ಚಿತ್ರಗೀತೆಗಳು ಹತ್ತಾರು ಫೋಲ್ಡರಿಗೆ ಚೆದುರುವುದಕ್ಕೆ ಕಾರಣ ‘ಆಲ್ಬಂ ಆರ್ಟಿಸ್ಟ್’ ಖಾಲಿ ಇರುವುದು. ಒಂದೇ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ್ದರೆ ಪ್ರತಿ ಗಾಯಕರಿಗೊಂದು, ಯುಗಳಗೀತೆಗೆ ಮತ್ತೊಂದು ಫೋಲ್ಡರ್ ಹುಟ್ಟುತ್ತದೆ. ಆ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿದರೆ ಚಿತ್ರ ಒಂದೆಡೆ ಸೇರುತ್ತದೆ. ಆಲ್ಬಮಿನ ಹೆಸರಿನ ಜೊತೆ ವರ್ಷವೂ ಇರಲಿ. ಗಂಧದ ಗುಡಿ 1973ರದೂ ಇದೆ, 2022ರದೂ ಇದೆ. ಫೋಲ್ಡರ್ ಹೆಸರು ಚುಕ್ಕೆಯಲ್ಲಿ ಮುಗಿಯದಂತೆ ನೋಡಿಕೊಳ್ಳಿ: ‘ಎಸ್.ಪಿ.ಬಿ.’ ಎಂದರೆ ವಿಂಡೋಸ್ ಕೊನೆಯ ಚುಕ್ಕೆ ಕಿತ್ತುಹಾಕುತ್ತದೆ, ಐಟ್ಯೂನ್ಸ್ ಅದನ್ನು ಅಡಿಗೆರೆ ಮಾಡುತ್ತದೆ, ಮತ್ತೆ ಎರಡು ಫೋಲ್ಡರ್.

‘ಹೊರಗಿಟ್ಟದ್ದು’ ಫೋಲ್ಡರನ್ನು ಎರಡು ಮೂರು ತಿಂಗಳು ಹಾಗೇ ಬಿಡಿ. ಅಷ್ಟರಲ್ಲಿ ಪ್ಲೇಲಿಸ್ಟುಗಳನ್ನೆಲ್ಲ ಒಂದು ಸುತ್ತು ಕೇಳಿರುತ್ತೀರಿ, ಬಿಟ್ಟುಹೋದದ್ದು ಇದ್ದರೆ ಅಲ್ಲಿಂದಲೇ ಎತ್ತಿಕೊಳ್ಳಬಹುದು.