ಪಾರ್ಕಿನ್ಸನ್ ಇದ್ದವರ ನಡಿಗೆ: ಫಿಸಿಯೋಥೆರಪಿಸ್ಟ್ ಜೊತೆ ನಮ್ಮ ಗುಂಪಿನ ಪ್ರಶ್ನೋತ್ತರ (ಸದಸ್ಯರ ಹೆಸರಿನ ಬದಲು ಅವರ ಊರು)

ಗೋಣಿಕೊಪ್ಪದ ಸದಸ್ಯೆ: ಮೇಡಂ, ಅಪ್ಪನಿಗೆ 71. ಪಾರ್ಕಿನ್ಸನ್ ಬಂದು ಐದು ವರ್ಷ. ಕಣದಲ್ಲಿ ಕಾಫಿ ಕೆದಕಿದ ಸಾಲುಗಳನ್ನು ಸಲೀಸಾಗಿ ದಾಟಿಕೊಂಡು ಬರ್ತಾರೆ. ಬಚ್ಚಲುಮನೆ ಬಾಗಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತೆ. ಬೇಕಂತಲೇ ಮಾಡ್ತಾರೆ ಅಂತ ಅಮ್ಮ ಬೈತಾರೆ.

ಫಿಸಿಯೋ: ಬೇಕಂತ ಅಲ್ಲಮ್ಮ. ಅಮ್ಮನಿಗೆ ಇದನ್ನು ಓದಿ ಹೇಳಿ. ನಾವು ಯೋಚಿಸದೇ ಹೆಜ್ಜೆ ಇಡುತ್ತೇವೆ. ಪಾರ್ಕಿನ್ಸನ್‌ನಲ್ಲಿ ಆಗುವಂತೆ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಮಿದುಳಲ್ಲಿ ಕಡಿಮೆಯಾದರೆ ಆ ತಾನಾಗಿ ನಡೆಯುವ ರೂಢಿಯೇ ಕೆಡುತ್ತದೆ. ಇಕ್ಕಟ್ಟಿನ ಬಾಗಿಲು, ತಿರುವು, ಅವಸರ ಇದ್ದಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಕಣದಲ್ಲಿ ಸಾಲು ಕಣ್ಣಿಗೆ ಕಾಣುತ್ತದಲ್ಲ, ಅದೇ ಅವರ ಕಾಲಿಗೆ ಗುರುತು. ಬಾಗಿಲಲ್ಲೂ ಅದನ್ನೇ ಮಾಡಿ: ಎದ್ದು ಕಾಣುವ ಬಣ್ಣದ ಟೇಪನ್ನು ನೆಲಕ್ಕೆ ಅಡ್ಡಡ್ಡ, ಒಂದೊಂದು ಹೆಜ್ಜೆಯ ಅಂತರದಲ್ಲಿ, ಹೊಸಿಲಿನ ಆಚೆಗೂ ಅಂಟಿಸಿ. ಕಾಲು ನಿಂತಾಗ ಕೈ ಹಿಡಿದು ಎಳೆಯಬೇಡಿ, ಮುಗ್ಗರಿಸುತ್ತಾರೆ. ನಿಂತು, ಮೈಭಾರ ಎಡಕ್ಕೆ ಬಲಕ್ಕೆ ತೂಗಿ, ಆಮೇಲೆ ದೊಡ್ಡ ಹೆಜ್ಜೆ ಇಡಲಿ. ನಿಂತಲ್ಲೇ ಗಕ್ಕನೆ ತಿರುಗುವುದು ಬೇಡ, ಸುತ್ತು ಹಾಕಿಕೊಂಡು ತಿರುಗಲಿ. ಮಾತ್ರೆ ಎಷ್ಟು ಗಂಟೆಗೆ? ಬಚ್ಚಲಿಗೆ ಎಷ್ಟಕ್ಕೆ?

ಸೋಮವಾರಪೇಟೆ: ದಿನಾ ಎಷ್ಟು ಹೊತ್ತು ನಡೀಬೇಕು?

ಫಿಸಿಯೋ: ಅರ್ಧ ಗಂಟೆ, ವಾರಕ್ಕೆ ಐದು ದಿನ. ಆಗದಿದ್ದರೆ ಹತ್ತು ಹತ್ತು ನಿಮಿಷ, ಮೂರು ಸಲ.

ವಿರಾಜಪೇಟೆ: ಚಕ್ರದ ವಾಕರ್ ನಮ್ಮ ಇಳಿಜಾರಿಗೆ ಆಗುತ್ತಾ?

ಮಡಿಕೇರಿ: ಫಾರ್ವರ್ಡ್ ಬಂದಿದೆ, ಎಲ್ಲರೂ ನೋಡಿ. ನಸುಗುನ್ನಿ ಬೀಜದ ಪುಡಿ ಹಾಲಲ್ಲಿ 40 ದಿನ. ಮಾತ್ರೆ ಬಿಟ್ಟುಬಿಡಿ, ನಡುಕ ಮಾಯ.

ಫಿಸಿಯೋ: ಇದು ಈ ಗುಂಪಿಗೆ ಬರುತ್ತಿರುವುದು ಮೂರನೇ ಸಲ. ನಸುಗುನ್ನಿಯಲ್ಲಿ ಇರುವುದೂ ಮಿದುಳಲ್ಲಿ ಡೋಪಮಿನ್ ಆಗುವ ಲೆವೊಡೋಪಾನೇ, ಪಾರ್ಕಿನ್ಸನ್‌ಗೆ ಕೊಡುವ ಸಿಂಡೋಪಾ ಮಾತ್ರೆಯಲ್ಲಿ ಇರುವುದೂ ಅದೇ. ಚಮಚದಲ್ಲಿ ಎಷ್ಟಿದೆ ಅಂತ ಯಾರು ಅಳೆದರು? ಎರಡೂ ಸೇರಿದರೆ ವಾಂತಿ, ಬಿಪಿ ಕುಸಿತ, ಕೈಕಾಲು ತಾನಾಗಿ ನುಲಿಯುವುದು, ಇಲ್ಲದ್ದು ಕಣ್ಣಿಗೆ ಕಾಣುವುದು. ಮಾತ್ರೆ ಏಕಾಏಕಿ ಬಿಟ್ಟರೆ ವಿಪರೀತ ಜ್ವರ ಬಂದು ಮೈ ಸೆಟೆದು ಜೀವಕ್ಕೇ ಕುತ್ತಾಗಬಹುದು. ಡಿಲೀಟ್ ಮಾಡಿ.

ಮಡಿಕೇರಿ: ನಮ್ಮ ತಾತ ಬೆಳಿಗ್ಗೆ 5ಕ್ಕೆ ತೋಟದ ದಾರೀಲಿ ನಡೆದೇ ತೊಂಬತ್ತು ಬದುಕಿದ್ರು. ಮಾತ್ರೆ ಮುಟ್ಟಿಲ್ಲ.

ಸಿದ್ದಾಪುರ: ಆ ಹೊತ್ತಿಗೆ ನಮ್ಮಲ್ಲಿ ದಾರೀಲಿ ಆನೆ ಇರುತ್ತೆ. ಕಾಲು ಅಂಟಿಕೊಳ್ಳುವವರು ಓಡೋದು ಹೇಗೆ?

ಮಡಿಕೇರಿ: ಎಲ್ಲಕ್ಕೂ ಹೆದರಿದ್ರೆ ಮನೇಲೇ ಕೂರಿ.

ಸಿದ್ದಾಪುರ: ನಮ್ಮ ಗೇಟು ಮುರಿದು ಒಂದು ತಿಂಗಳಾಯ್ತು, ಬಂದು ನೋಡಿ ಮಾತಾಡಿ.

ಸುಂಟಿಕೊಪ್ಪ: ದಿನಕ್ಕೆ ಎಷ್ಟು ನಿಮಿಷ ವಾಕಿಂಗ್ ಮೇಡಂ?

ಫಿಸಿಯೋ: ಮೇಲೆ ಬರೆದಿದ್ದೇನೆ.

ಗೋಣಿಕೊಪ್ಪದ ಸದಸ್ಯೆ: ಬಚ್ಚಲಿಗೆ 6ಕ್ಕೆ. ಮಾತ್ರೆ 8ಕ್ಕೆ, ತಿಂಡಿ ಜೊತೆ. ಪಂದಿಕರಿ ಉಳಿದಿದ್ರೆ ಅದೂ ಇರುತ್ತೆ.

ಫಿಸಿಯೋ: ರಾತ್ರಿ ಮಾತ್ರೆಯ ಬಲ 6ರ ಹೊತ್ತಿಗೆ ಇಳಿದಿರುತ್ತದೆ, ಅದಕ್ಕೇ ಬಚ್ಚಲ ಬಾಗಿಲಲ್ಲಿ ಕಾಲು ನಿಲ್ಲುತ್ತಿರಬೇಕು. ಮಾಂಸದ ಜೊತೆ ನುಂಗಿದರೆ ಮಾತ್ರೆ ಮೈಗೆ ಹಿಡಿಯುವುದೂ ಕಡಿಮೆ. ಕಾಲು ಯಾವಾಗ ನಿಂತಿತು ಅಂತ ಒಂದು ವಾರ ಬರೆದಿಟ್ಟು ನ್ಯೂರಾಲಜಿಸ್ಟ್‌ಗೆ ತೋರಿಸಿ, ಹೊತ್ತು ಬದಲಿಸುವುದು ಅವರೇ. ಅಲ್ಲಿಯವರೆಗೆ ವಾಕಿಂಗ್ 9ರ ಮೇಲೆ. ಪಾಚಿ ಕಟ್ಟಿದ ಅಂಗಳ ಬೇಡ, ಜಗಲಿಯಲ್ಲಿ. ಆನೆ ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಮಡಿಕೇರಿ: ಜಗಳ ಶುರು ಮಾಡಿದ್ದು ನಾನಲ್ಲ.

ವಿರಾಜಪೇಟೆ: ವಾಕರ್ ಬಗ್ಗೆ ಕೇಳಿದ್ದೆ ಮೇಡಂ.